ಫಾರ್ಮ್‌ನ ಸಣ್ಣ ವಿವರಗಳನ್ನು ಸರಿಪಡಿಸುವ ಬಗೆ

ಆ್ಯಪ್ ಅಥವಾ ಜಾಲತಾಣವನ್ನು ಸುಧಾರಿಸಲು ಹೊರಟವರು ಸಾಮಾನ್ಯವಾಗಿ ಮುಖಪುಟದ ಬಣ್ಣ ಮತ್ತು ಚಿತ್ರಗಳಿಂದ ಶುರುಮಾಡುತ್ತಾರೆ. ನನ್ನ ಸಲಹೆ ಬೇರೆ: ನೋಂದಣಿ ಫಾರ್ಮ್‌ನಿಂದ ಆರಂಭಿಸಿ. ಮುಖಪುಟದ ಮೇಲೆ ಕಣ್ಣಾಡಿಸಿ ಮುಂದೆ ಸಾಗುವ ಬಳಕೆದಾರರು ಫಾರ್ಮ್ ಬಂದಾಗ ನಿಂತು ಕೆಲಸ ಮಾಡಬೇಕಾಗುತ್ತದೆ, ಅಲ್ಲಿ ಏನಾದರೂ ತಪ್ಪಿದರೆ ವಿನ್ಯಾಸವನ್ನಲ್ಲ, ತಮ್ಮನ್ನೇ ದೂರಿಕೊಳ್ಳುತ್ತಾರೆ.

ಮೊದಲು ಫಾರ್ಮನ್ನು ಫೋನಿನಲ್ಲಿ ತೆರೆದು, ಬಿಸಿಲಿನಲ್ಲಿ ನಿಂತು, ಒಂದೇ ಕೈಯ ಹೆಬ್ಬೆರಳಿನಿಂದ ಪೂರ್ತಿ ತುಂಬಿ ನೋಡಿ. ತಿಳಿಬೂದು ಅಕ್ಷರಗಳು ಅಲ್ಲಿಯೇ ಮಾಯವಾಗುತ್ತವೆ. ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತಾಗಲು ಇರುವ ಅಂತರರಾಷ್ಟ್ರೀಯ ಸುಗಮ್ಯತಾ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಯ ಎಎ ಎಂಬ ಮಧ್ಯಮ ಮಟ್ಟದಲ್ಲಿ, ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಇರಬೇಕು. ದೊಡ್ಡ ಅಕ್ಷರಗಳಿಗೆ 3:1 ಸಾಕು.

ಬೆರಳು ತಪ್ಪಿ ಪಕ್ಕದ ಬಟನ್ ಒತ್ತಿತೇ? ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕೆಂಬುದನ್ನು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಸೂತ್ರವಾಗಿ ನಿರೂಪಿಸಿದ್ದರು. ಬಟನ್ನಿನ ಉದ್ದಗಲಕ್ಕೆ ಆ್ಯಪಲ್ 44 ಪಾಯಿಂಟ್‌ಗಳನ್ನೂ ಗೂಗಲ್‌ನ ವಿನ್ಯಾಸ ಮಾರ್ಗಸೂಚಿಯಾದ ಮಟೀರಿಯಲ್ 48 ಡಿಪಿಗಳನ್ನೂ ಸೂಚಿಸುತ್ತವೆ (ಪಾಯಿಂಟ್, ಡಿಪಿ ಎರಡೂ ಪರದೆಯ ಮೇಲಿನ ಅಳತೆಯ ಮಾನಗಳು). ಬಟನ್ನಿನ ಚಿತ್ರಸಂಕೇತವನ್ನು (ಐಕಾನ್) ಹಿಗ್ಗಿಸಲೇಬೇಕೆಂದಿಲ್ಲ, ಅದರ ಸುತ್ತ ಸ್ಪರ್ಶಕ್ಕೆ ಸ್ಪಂದಿಸುವ ಖಾಲಿ ಜಾಗವನ್ನು ಬಿಟ್ಟರೂ ಆಗುತ್ತದೆ. ‘ಸಲ್ಲಿಸಿ’ ಮತ್ತು ‘ಅಳಿಸಿ’ ಎಂಬ ಬಟನ್‌ಗಳನ್ನು ಮಾತ್ರ ಎಂದಿಗೂ ಅಂಟಿಸಿ ಇಡಬೇಡಿ.

ಮುಂದಿನದು ಖಾನೆಗಳು. ‘ಹೆಸರು’ ಎಂಬ ಸೂಚನೆ ಖಾನೆಯೊಳಗೇ ಮಸುಕಾಗಿ ಇದ್ದರೆ, ಬರೆಯಲು ತೊಡಗಿದ ಕೂಡಲೇ ಅದು ಮಾಯವಾಗುತ್ತದೆ. ಅರ್ಧದಲ್ಲಿ ಫೋನ್ ಕರೆಗೆ ಉತ್ತರಿಸಿ ಮರಳಿದವರಿಗೆ ಯಾವ ಖಾನೆ ಯಾವುದೆಂದು ತಿಳಿಯುವುದಿಲ್ಲ. ಆದ್ದರಿಂದ ಶೀರ್ಷಿಕೆಯನ್ನು ಖಾನೆಯ ಮೇಲೆ ಶಾಶ್ವತವಾಗಿ ಇರಿಸಿ. ಒಟಿಪಿ ಕೇಳುವಾಗ ಅಂಕಿಗಳ ಕೀಬೋರ್ಡನ್ನೇ ತೆರೆಯಿರಿ. ದೂರವಾಣಿ ಸಂಖ್ಯೆಯ ನಡುವೆ ಯಾರಾದರೂ ಜಾಗ ಬಿಟ್ಟರೆ ಅವರನ್ನು ಗದರಬೇಡಿ, ಆ ಜಾಗವನ್ನು ತೆಗೆದುಹಾಕುವುದು ಕಂಪ್ಯೂಟರಿನ ಕೆಲಸ. ಪಾಸ್‌ವರ್ಡ್ ಖಾನೆಯಲ್ಲಿ ಪೇಸ್ಟ್ ಮಾಡದಂತೆ ತಡೆಯುವುದು ಸುರಕ್ಷತೆಯ ಹೆಸರಿನಲ್ಲಿ ನಡೆಯುವ ಕಿರುಕುಳವಷ್ಟೇ, ಏಕೆಂದರೆ ಉದ್ದನೆಯ, ಬಲವಾದ ಪಾಸ್‌ವರ್ಡ್ ಬಳಸುವವರಿಗೇ ಅದರಿಂದ ಹೆಚ್ಚು ತೊಂದರೆ.

ಹೆಚ್ಚಿನ ಸಮಯವನ್ನು ಮೀಸಲಿಡಬೇಕಾದದ್ದು ದೋಷಸೂಚನೆಗಳಿಗೆ. ಇಮೇಲ್ ವಿಳಾಸದ ಮೊದಲ ಅಕ್ಷರ ಒತ್ತುತ್ತಿದ್ದಂತೆಯೇ ‘ತಪ್ಪು ವಿಳಾಸ’ ಎಂದು ಕೆಂಪಾಗುವ ಖಾನೆ, ಮಾತು ಮುಗಿಯುವ ಮುನ್ನವೇ ಬಾಯಿ ಹಾಕುವವರಂತೆ ವರ್ತಿಸುತ್ತದೆ. ಬಳಕೆದಾರರು ಆ ಖಾನೆಯಿಂದ ಹೊರಬಂದ ಮೇಲೆ ಪರಿಶೀಲಿಸಿ; ಆದರೆ ಒಮ್ಮೆ ತೋರಿಸಿದ ದೋಷವನ್ನು ಅವರು ತಿದ್ದಿದ ಕ್ಷಣವೇ ತೆಗೆದುಬಿಡಿ. ಸೂಚನೆಯನ್ನು ಪುಟದ ತುದಿಯಲ್ಲಿ ಅಲ್ಲ, ಆಯಾ ಖಾನೆಯ ಕೆಳಗೇ ಬರೆಯಿರಿ. ಕೆಂಪು-ಹಸಿರುಗಳ ವ್ಯತ್ಯಾಸ ಕಾಣದವರೂ ಇರುವುದರಿಂದ ಬಣ್ಣವೊಂದನ್ನೇ ನೆಚ್ಚಿಕೊಳ್ಳಬಾರದು. ‘ಅಮಾನ್ಯ ಮಾಹಿತಿ’ ಎಂಬುದು ಏನನ್ನೂ ಹೇಳುವುದಿಲ್ಲ. ‘ಒಟಿಪಿಯಲ್ಲಿ 6 ಅಂಕಿಗಳಿರಬೇಕು, 5 ಮಾತ್ರ ಇವೆ’ ಎಂದರೆ ಮುಂದೇನು ಮಾಡಬೇಕೆಂದು ಗೊತ್ತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಖಾನೆಯ ತಪ್ಪಿಗೆ ಉಳಿದ ಖಾನೆಗಳಲ್ಲಿ ಬರೆದದ್ದು ಅಳಿಸಿಹೋಗಕೂಡದು.

ಸಲ್ಲಿಸಿದ ನಂತರ ಕಾಯುವಿಕೆ ಇದ್ದೇ ಇರುತ್ತದೆ. ಸುಮಾರು 0.1 ಸೆಕೆಂಡಿನೊಳಗೆ ಬಂದ ಪ್ರತಿಕ್ರಿಯೆ ತಕ್ಷಣದ್ದೆನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಹರಿವು ಕಡಿಯುವುದಿಲ್ಲ, 10 ಸೆಕೆಂಡು ದಾಟಿದರೆ ಗಮನ ಬೇರೆಡೆ ಹೊರಳುತ್ತದೆ. ಆದ್ದರಿಂದ ಒತ್ತಿದ ಕೂಡಲೇ ಬಟನ್ನಿನ ಬರಹ ‘ಕಳುಹಿಸಲಾಗುತ್ತಿದೆ’ ಎಂದು ಬದಲಾಗಲಿ, ಎರಡನೆಯ ಬಾರಿ ಒತ್ತಿದರೂ ಅರ್ಜಿ ಎರಡಾಗದಂತೆ ಸರ್ವರ್‌ನಲ್ಲೂ ತಡೆ ಇರಲಿ.

ಕನ್ನಡದಲ್ಲಿ ವಿನ್ಯಾಸ ಮಾಡುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಲಿದ ಬಟನ್ನಿನಲ್ಲಿ ನಮ್ಮ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ‘ರಾಷ್ಟ್ರೀಯತೆ’ ಎಂಬ ಪದವನ್ನು ಹಾಕಿ ಪರೀಕ್ಷಿಸಿ. ಬಟನ್ನಿನ ಎತ್ತರವನ್ನು ಸ್ಥಿರವಾಗಿಡದೆ ಬರಹಕ್ಕೆ ತಕ್ಕಂತೆ ಬೆಳೆಯಲು ಬಿಡಿ.

ಕೊನೆಗೆ ಫಾರ್ಮನ್ನು ಮೊದಲ ಬಾರಿ ನೋಡುತ್ತಿರುವ ಒಬ್ಬರ ಕೈಗೆ ಕೊಟ್ಟು, ಸಹಾಯ ಮಾಡದೆ ಪಕ್ಕದಲ್ಲಿ ಕುಳಿತುಕೊಳ್ಳಿ (ಸುಮ್ಮನಿರುವುದೇ ಇಲ್ಲಿ ಕಷ್ಟದ ಭಾಗ). ಅವರ ಬೆರಳು ಗಾಳಿಯಲ್ಲಿ ತಡೆದು ನಿಂತ ಜಾಗಗಳನ್ನು ಗುರುತಿಸಿಕೊಳ್ಳಿ. ಬರೆದದ್ದು ಕಳೆದುಹೋಗುವ ದೋಷಗಳನ್ನು ಮೊದಲು, ದಾರಿ ತಪ್ಪಿಸುವವನ್ನು ಆಮೇಲೆ, ಅಂದಕ್ಕೆ ಸಂಬಂಧಿಸಿದವನ್ನು ಕೊನೆಗೆ ಸರಿಪಡಿಸಿ, ಮತ್ತೊಬ್ಬರನ್ನು ಕೂರಿಸಿ ನೋಡಿ.