ಮಳೆಗಾಲದಲ್ಲಿ ಮನೆಯಲ್ಲೇ ಕುಳಿತು ವಿಶ್ವದ ಮಾದರಿಯನ್ನು ಪರೀಕ್ಷಿಸುವ ಕ್ರಮ

ಜೂನ್ ಹಿಡಿದ ಮೇಲೆ ಆಗುಂಬೆ, ಹೊಸನಗರದ ಕಡೆ ನಕ್ಷತ್ರ ಕಾಣುವುದೇ ಅಪರೂಪ. ಆದರೆ ದೂರದ ಸೂಪರ್‌ನೋವಾಗಳ ಹೊಳಪಿನಿಂದ ವಿಶ್ವ ಹೇಗೆ ಹಿಗ್ಗುತ್ತಿದೆ ಎಂದು ನೋಡುವ ಈ ಪರೀಕ್ಷೆಗೆ ತಿಳಿಯಾದ ಆಕಾಶ ಬೇಕಿಲ್ಲ, ಶಿವಮೊಗ್ಗದ ಬಿ.ಎಸ್ಸಿ. ವಿದ್ಯಾರ್ಥಿಗೆ ಒಂದು ಲ್ಯಾಪ್‌ಟಾಪ್, ಪೈಥಾನ್ ಮತ್ತು 2022ರಲ್ಲಿ ಪ್ರಕಟವಾದ ‘ಪ್ಯಾಂಥಿಯಾನ್ ಪ್ಲಸ್’ ದತ್ತಾಂಶ ಸಾಕು. ಸ್ಫೋಟಿಸುವ ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ನಿಜ ಹೊಳಪಿರುವ ಒಂದು-ಎ ಬಗೆಯ 1,550 ಸೂಪರ್‌ನೋವಾಗಳ 1,701 ಬೆಳಕಿನ ರೇಖೆಗಳಿರುವ (ದಿನ ಕಳೆದಂತೆ ಹೊಳಪು ಏರಿಳಿದ ದಾಖಲೆ) ಈ ಕಡತ ಉಚಿತವಾಗಿ ಸಿಗುತ್ತದೆ. ಕರೆಂಟ್ ಇರುವಾಗಲೇ ಇಳಿಸಿಕೊಳ್ಳಿ.

ಮೊದಲು ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆ ಎಷ್ಟು ಪಾಲು ಉದ್ದವಾಗಿದೆ ಎಂಬ ಅಳತೆ) 0.01ಕ್ಕಿಂತ ಕಡಿಮೆ ಇರುವ ಸಾಲುಗಳನ್ನು ತೆಗೆದುಹಾಕಿ, 1,590 ಉಳಿಯಬೇಕು. ಅಷ್ಟು ಹತ್ತಿರದಲ್ಲಿ ವಿಶ್ವದ ಹಿಗ್ಗುವಿಕೆಯ ವೇಗ ಸೆಕೆಂಡಿಗೆ ಸುಮಾರು 3,000 ಕಿ.ಮೀ. ಮಾತ್ರವಾದ್ದರಿಂದ, ಗೆಲಾಕ್ಸಿಯ ಸ್ವಂತ ಚಲನೆಯ 300 ಕಿ.ಮೀ. ಕೂಡ ಶೇ. 10ರಷ್ಟು ತಪ್ಪು ತರುತ್ತದೆ.

ಮುಂದೆ ಮಾದರಿಯ ಲೆಕ್ಕ. ದ್ರವ್ಯದ ಜೊತೆಗೆ ಹಿಗ್ಗುವಿಕೆಯನ್ನು ಚುರುಕುಗೊಳಿಸುವ ಕಪ್ಪು ಶಕ್ತಿಯೂ ಇರುವ ಲ್ಯಾಮ್ಡಾ-ಸಿಡಿಎಂ ಮಾದರಿಯಲ್ಲಿ ದ್ರವ್ಯದ ಪಾಲು 0.3, ಹಬಲ್ ಸ್ಥಿರಾಂಕ (ಈಗಿನ ಹಿಗ್ಗುವಿಕೆಯ ದರ, ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ ಇಷ್ಟು ಕಿ.ಮೀ.) 70 ಎಂದಿಟ್ಟುಕೊಂಡು ಅನುಕಲಿಸಿದರೆ, 0.5 ಕೆಂಪು ಪಲ್ಲಟದ ಸೂಪರ್‌ನೋವಾದ ಪ್ರಕಾಶ ದೂರ (ಹೊಳಪು ಎಷ್ಟು ಕುಗ್ಗಿದೆ ಎಂಬುದರಿಂದ ಸಿಗುವ ದೂರ) ಸುಮಾರು 2,830 ಮೆಗಾಪಾರ್ಸೆಕ್ (ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ಬರುತ್ತದೆ. ಕಪ್ಪು ಶಕ್ತಿಯೇ ಇಲ್ಲದ, ಬರೀ ದ್ರವ್ಯ ತುಂಬಿದ ಸಪಾಟು ವಿಶ್ವದಲ್ಲಾದರೆ 2,360 ಮಾತ್ರ. ಹೊಳಪಿನ ಅಳತೆಯಾದ ಕಾಂತಿಮಾನದಲ್ಲಿ ಈ ಅಂತರ 0.4. ಅಂದರೆ ಕಪ್ಪು ಶಕ್ತಿ ಇದ್ದರೆ ಸೂಪರ್‌ನೋವಾ ಸುಮಾರು ಶೇ. 30ರಷ್ಟು ಮಂಕಾಗಿ ಕಾಣಬೇಕು. 1998ರಲ್ಲಿ ಎರಡು ತಂಡಗಳು ಹಿಡಿದದ್ದು ಇಂಥ ಮಂಕುತನವನ್ನೇ. ನಿಮ್ಮ ಪ್ರೋಗ್ರಾಂ ಈ ಎರಡು ದೂರಗಳನ್ನು ಕೊಡದಿದ್ದರೆ ಮುಂದೆ ಹೋಗಬೇಡಿ. ಒಂದಕ್ಕೆ ಕೆಂಪು ಪಲ್ಲಟವನ್ನು ಕೂಡಿಸಿ ಗುಣಿಸುವುದನ್ನು ಮರೆತಿರುತ್ತೀರಿ, ಬಹುತೇಕ ತಪ್ಪು ಅಲ್ಲೇ ಇರುತ್ತದೆ.

ಈಗ ದ್ರವ್ಯದ ಪಾಲನ್ನು ಬದಲಿಸುತ್ತ, ಮಾದರಿಯ ಕಾಂತಿಮಾನಕ್ಕೂ ಕಡತದ ಕಾಂತಿಮಾನಕ್ಕೂ ಇರುವ ಒಟ್ಟು ವ್ಯತ್ಯಾಸವನ್ನು ದೋಷಗಳಿಗೆ ಹೋಲಿಸಿ ಅಳೆಯುವ ಕೈ-ವರ್ಗವನ್ನು (ಕೈ-ಸ್ಕ್ವೇರ್) ಕನಿಷ್ಠಗೊಳಿಸಿ. ಪ್ರತಿ ಸಾಲಿನ ದೋಷವನ್ನು ಬಿಡಿಬಿಡಿಯಾಗಿ ಬಳಸುವುದು ಸುಲಭ, ಆದರೆ ಸರಿಯಲ್ಲ: ಸೂಪರ್‌ನೋವಾಗಳ ದೋಷಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಆ ಹೆಣಿಗೆಯನ್ನು ದಾಖಲಿಸಿ ಜೊತೆಗೇ ಕೊಟ್ಟಿರುವ ಸಹವ್ಯತ್ಯಯ ಮಾತೃಕೆಯನ್ನು (ಕೋವೇರಿಯನ್ಸ್ ಮ್ಯಾಟ್ರಿಕ್ಸ್) ಪೂರ್ತಿ ಬಳಸಲೇಬೇಕು. ಉತ್ತರ 0.33ರ ಆಸುಪಾಸು ಬಂದರೆ ಕೆಲಸ ಸರಿಯಾಗಿದೆ.

ಇಷ್ಟಾದ ಮೇಲೆ ಹಬಲ್ ಸ್ಥಿರಾಂಕವನ್ನೂ ಅಳೆದೆವೆಂದು ಬರೆಯುವ ಆಸೆಯಾಗುತ್ತದೆ. ಬರೆಯಬೇಡಿ. ಸೂಪರ್‌ನೋವಾದ ನಿಜ ಕಾಂತಿ ಬೇರೆ ದಾರಿಯಿಂದ ಗೊತ್ತಾಗದೆ ಆ ಸಂಖ್ಯೆ ಸಿಗುವುದಿಲ್ಲ. ಮಿಡಿಯುವ ಅವಧಿಯಿಂದಲೇ ನಿಜ ಕಾಂತಿ ತಿಳಿಸುವ ಸೆಫೀಡ್ ನಕ್ಷತ್ರಗಳ ಮೆಟ್ಟಿಲಿನಿಂದ ಹೋದವರಿಗೆ 73, ಪ್ಲ್ಯಾಂಕ್ ಉಪಗ್ರಹ ಅಳೆದ, ಆದಿ ವಿಶ್ವದಿಂದ ಉಳಿದಿರುವ ಹಿನ್ನೆಲೆ ವಿಕಿರಣದಿಂದ ಹೋದವರಿಗೆ 67.4 ಬಂದಿದೆ, ಆ ಜಗಳ ಇನ್ನೂ ಮುಗಿದಿಲ್ಲ. ನೀವು ಪರೀಕ್ಷಿಸಿರುವುದು ಕೆಂಪು ಪಲ್ಲಟ ಹೆಚ್ಚಿದಂತೆ ಕಾಂತಿಮಾನ ಬದಲಾಗುವ ವಕ್ರರೇಖೆಯ ಆಕಾರವನ್ನು ಮಾತ್ರ. ಆದ್ದರಿಂದ ಹಬಲ್ ಸ್ಥಿರಾಂಕವನ್ನೂ ನಿಜ ಕಾಂತಿಯನ್ನೂ ಸೇರಿಸಿ ಒಂದೇ ಅಜ್ಞಾತವೆಂದು ಪರಿಗಣಿಸಿ.