ಮನೆಯ ಮುಂದಿನ ಐದೂವರೆ ಮೀಟರು

ನಮ್ಮ ಅಡ್ಡರಸ್ತೆಯಲ್ಲಿ, ನನ್ನ ಮನೆಯ ಗೇಟಿನ ಪಕ್ಕ, ಗಾಲಿಕುರ್ಚಿಯ ಚಿಹ್ನೆಯಿರುವ ನಿಲುಗಡೆ ಜಾಗ ಗುರುತಾಗಿ ಹನ್ನೊಂದು ತಿಂಗಳಾಯಿತು. ಬೆಂಗಳೂರಿನ ವಸತಿ ಬೀದಿಯಲ್ಲಿ ಇದು ಆಗುವ ಕೆಲಸವಲ್ಲವೆಂದು ಹೇಳಿದವರು ಬೇರೆ ಯಾರೂ ಅಲ್ಲ, ನನ್ನಂತೆಯೇ ಗಾಲಿಕುರ್ಚಿ ಬಳಸುವ, ಕೈಯಿಂದ ಬ್ರೇಕು ಹಿಡಿಯುವ ಕಾರು ಓಡಿಸುವ ಗೆಳೆಯರು. ಅದು ಹೇಗಾಯಿತೆಂದು ಈಗ ಅವರೇ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು, ವಾಹನದ ನೋಂದಣಿ ಪತ್ರವಾದ ಆರ್‌.ಸಿ.ಯಲ್ಲಿ ‘ದಿವ್ಯಾಂಗಜನ’ ಎಂದು ಮಾಲೀಕತ್ವ ಬರೆಸುವುದು ಇವೆಲ್ಲ ನಿಮಗೆ ತಿಳಿದದ್ದೇ ಆದ್ದರಿಂದ ಬಿಟ್ಟಿದ್ದೇನೆ.

ಕಾರನ್ನು ಮನೆಯೊಳಗೇ ಏಕೆ ನಿಲ್ಲಿಸಬಾರದೆಂದು ಎಲ್ಲರೂ ಮೊದಲು ಕೇಳುತ್ತಾರೆ. ನಮ್ಮದು ಮೂವತ್ತು–ನಲವತ್ತರ ನಿವೇಶನ, ಮನೆಯ ನೆಲ ರಸ್ತೆಗಿಂತ ಎರಡಡಿ ಎತ್ತರದಲ್ಲಿದೆ. ಗಾಲಿಕುರ್ಚಿಗೆಂದು 1:12ರ, ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದದ, ಇಳಿಜಾರು ಕಟ್ಟಲು ಇಪ್ಪತ್ನಾಲ್ಕು ಅಡಿ ಉದ್ದ ಬೇಕಾಯಿತು, ಪೋರ್ಟಿಕೊ ಪೂರ್ತಿ ಅದಕ್ಕೇ ಹೋಯಿತು. ಹೀಗಾಗಿ ಕಾರು ಬೀದಿಯಲ್ಲೇ ನಿಲ್ಲಬೇಕು, ಅದೂ ಇಳಿಜಾರಿನ ಬಾಯಿಗೆ ಹತ್ತಿರದಲ್ಲೇ ನಿಲ್ಲಬೇಕು.

ಮೊದಲು ಎಲ್ಲರಂತೆ ಕಲ್ಲು ಮತ್ತು ಹೂಕುಂಡಗಳನ್ನು ಇಟ್ಟೆ. ಕಲ್ಲನ್ನು ಯಾರೋ ಸರಿಸಿದರು, ಕುಂಡ ಒಡೆಯಿತು. ಜೊತೆಗೆ, ಸಾರ್ವಜನಿಕ ರಸ್ತೆಯನ್ನು ಆಕ್ರಮಿಸಿದವನೆಂಬ ಮಾತನ್ನೂ ಕೇಳಬೇಕಾಯಿತು, ಆ ಮಾತು ನ್ಯಾಯವೂ ಆಗಿತ್ತು. 2023ರ ಮಳೆಗಾಲದಲ್ಲಿ ನಾನೇ ಹಳದಿ ಎನಾಮಲ್ ಬಣ್ಣದಿಂದ ಗೆರೆ ಎಳೆಸಿದೆ. ಎರಡು ಬಾರಿಗೆ ಸುಮಾರು ಎರಡು ಸಾವಿರ ಖರ್ಚಾಯಿತು, ದೀಪಾವಳಿಯ ಹೊತ್ತಿಗೆ ಎರಡೂ ಬಾರಿಯ ಗೆರೆ ಮಾಸಿತ್ತು. ಅನುಮತಿ ಇಲ್ಲದ ಗೆರೆಗೆ ಯಾರೂ ಬೆಲೆ ಕೊಡಬೇಕಾಗಿಲ್ಲವೆಂಬುದು ಆಗ ನನಗೆ ಅರ್ಥವಾಯಿತು.

ಆಮೇಲೆ ಮನವಿ ಕೊಟ್ಟೆ. ಒಂದು ಕಚೇರಿ ರಸ್ತೆ ತನ್ನದಲ್ಲವೆಂದಿತು, ಇನ್ನೊಂದು ಫಲಕ ತನ್ನದಲ್ಲವೆಂದಿತು. ಕಡತ ಹದಿನಾಲ್ಕು ತಿಂಗಳು ಓಡಾಡಿ, ‘ಅವಕಾಶವಿರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹವಾಗಿ ಮನೆಗೆ ಬಂತು. ಕಾರಣ ಕಾನೂನಿನಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 117ನೆಯ ಕಲಮಿನ ಪ್ರಕಾರ, ವಾಹನ ನಿಲ್ಲುವ ಜಾಗವನ್ನು ಗೊತ್ತುಪಡಿಸುವ ಅಧಿಕಾರವುಳ್ಳವರು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಅದನ್ನು ಮಾಡಬೇಕು. ಅಂದರೆ ಎರಡು ಕಚೇರಿಗಳಿಗೂ ಒಂದೇ ದಿನ, ಒಂದೇ ನಕ್ಷೆಯೊಡನೆ, ಪರಸ್ಪರ ಪ್ರತಿ ತೋರಿಸಿ ಮನವಿ ಕೊಡಬೇಕಿತ್ತು. ನಾನು ಒಂದರ ನಂತರ ಇನ್ನೊಂದಕ್ಕೆ ಕೊಟ್ಟಿದ್ದೆ. ವಸತಿ ಬೀದಿಗಳಿಗೆ ವಾರ್ಷಿಕ ಪರವಾನಗಿ ಕೊಡುವ ಮಾತು 2021ರ ಬೆಂಗಳೂರು ನಿಲುಗಡೆ ನೀತಿಯಲ್ಲಿದೆ, ಅದು ಬರುವವರೆಗೆ ಕಾಯಿರಿ ಎಂದು ಕೆಲವರು ಸಲಹೆ ಕೊಟ್ಟರು. ನಾನು ಕಾಯಲಿಲ್ಲ.

ಅಳತೆಯಲ್ಲಿ ಮಾಡಿದ ತಪ್ಪು ಇನ್ನೂ ದೊಡ್ಡದು. ವಿಕಲಚೇತನರ ನಿಲುಗಡೆಗೆ ನಮ್ಮ ದೇಶದ ಮಾನದಂಡಗಳಲ್ಲಿರುವ 3.6 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ, ಮಾಲುಗಳಲ್ಲಿ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸುವ ಕ್ರಮಕ್ಕೆ ಹೊಂದುವಂಥದ್ದು. ಬೀದಿಯಂಚಿಗೆ ಉದ್ದುದ್ದ ನಿಲ್ಲಿಸುವುದಕ್ಕೆ ಬ್ರಿಟನ್ನಿನಲ್ಲಿ 6.6 ಮೀಟರ್ ಉದ್ದ ಬಿಡುತ್ತಾರೆಂದು ಓದಿ, ಅದನ್ನೇ ಕೇಳಿದೆ. ಎದುರು ಮನೆಯ ಹಿರಿಯರು ನಕ್ಷೆ ನೋಡಿ, “ಇಷ್ಟು ಬಿಟ್ಟುಕೊಟ್ಟರೆ ನಮ್ಮ ಮಗ ಗಾಡಿ ಎಲ್ಲಿ ನಿಲ್ಲಿಸಬೇಕು ಸ್ವಾಮಿ?” ಎಂದು ಕೇಳಿದರು, ಸಹಿ ಹಾಕಲಿಲ್ಲ. ಅನಂತರ ಒಂದು ಭಾನುವಾರ ಸೀಮೆಸುಣ್ಣದಿಂದ ರಸ್ತೆಯ ಮೇಲೆ ಬರೆದು, ಕಾರನ್ನು ಏಳೆಂಟು ರೀತಿಯಲ್ಲಿ ನಿಲ್ಲಿಸಿ, ಪ್ರತಿ ಸಲವೂ ಇಳಿದು ನೋಡಿದೆ. ನನ್ನ ವ್ಯಾಗನ್‌ ಆರ್‌ 3.65 ಮೀಟರ್ ಉದ್ದವಿದೆ. ಡಿಕ್ಕಿಯಿಂದ ಕುರ್ಚಿ ತೆಗೆಯಲು ಹೆಂಡತಿಗೆ ಹಿಂದೆ 1.2 ಮೀಟರ್, ತಿರುಗಿಸಿ ಹೊರಡಲು ಮುಂದೆ ಎರಡಡಿ ಬೇಕು. ಒಟ್ಟು ಐದೂವರೆ ಮೀಟರ್ ಸಾಕು. ಅಗಲದ ಲೆಕ್ಕ ಬೇರೆ: ಚಾಲಕನ ಬಾಗಿಲು ಬಲಕ್ಕಿರುವುದರಿಂದ, ಎಡಬದಿಗೆ ನಿಲ್ಲಿಸಿದ ಕಾರಿನಿಂದ ನಾವು ಇಳಿಯುವುದು ಓಡಾಡುವ ವಾಹನಗಳ ಕಡೆಗೇ. ಆದ್ದರಿಂದ ಕಾರಿನ 1.6 ಮೀಟರಿಗೆ ಕುರ್ಚಿಯ 1.2 ಸೇರಿಸಿ, ಆ ಹೊರಪಟ್ಟಿಗೆ ಅಡ್ಡಗೆರೆ ಹಾಕಿಸಲು ತೀರ್ಮಾನಿಸಿದೆ. ಇದನ್ನು ಬೇರೆ ಯಾರ ನಕ್ಷೆಯಲ್ಲೂ ನಾನು ಕಂಡಿಲ್ಲ, ಕುರ್ಚಿಯಲ್ಲಿ ಕೂತು ಅಳೆದಾಗ ನನಗೆ ಹೊಳೆದ ಅಳತೆ ಇದು.

ಎರಡನೆಯ ಮನವಿಯಲ್ಲಿ ‘ನನ್ನ ಕಾರಿಗೆ’ ಎಂಬ ಮಾತನ್ನೇ ತೆಗೆದುಹಾಕಿ, ಈ ಜಾಗವನ್ನು ಯಾವ ವಿಕಲಚೇತನರ ವಾಹನವಾದರೂ ಬಳಸಬಹುದೆಂದು ಬರೆದುಕೊಟ್ಟೆ. ಗೆಳೆಯರು ಇದನ್ನು ಹುಚ್ಚುತನವೆಂದರು, ಆದರೆ ಕೆಲಸ ಆದದ್ದು ಇದರಿಂದಲೇ. ಖಾಸಗಿ ಸೌಲಭ್ಯಕ್ಕೆ ರಸ್ತೆ ಕೊಡಲಾಗದೆಂಬ ಆಕ್ಷೇಪಕ್ಕೆ ಆಧಾರವೇ ಉಳಿಯಲಿಲ್ಲ. ಒಂದು ತಿಂಗಳು ದಿನಕ್ಕೆ ಮೂರು ಹೊತ್ತು ಇಳಿಜಾರಿನ ಮುಂದಿನ ಚಿತ್ರ ತೆಗೆದು ದಿನಾಂಕ ಹಾಕಿಟ್ಟಿದ್ದೆ. ತೊಂಬತ್ತರಲ್ಲಿ ಅರುವತ್ತಕ್ಕಿಂತ ಹೆಚ್ಚು ಸಲ ದಾರಿ ಮುಚ್ಚಿತ್ತು. ಸುಗಮ್ಯತೆಯ ಮಾನದಂಡ ಬರೀ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನೂ ಲಗತ್ತಿಸಿದೆ. ಮನವಿಯ ಒಂದು ಪ್ರತಿಯನ್ನು ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಹವಾಲಾಗಿ ಸಲ್ಲಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 81ನೆಯ ಕಲಮಿನಂತೆ, ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಕಚೇರಿ ಕೈಗೊಂಡ ಕ್ರಮವನ್ನು ಮೂರು ತಿಂಗಳೊಳಗೆ ತಿಳಿಸಬೇಕು. ಆ ಗಡುವಿನಿಂದಲೇ ಕಡತ ಎದ್ದು ನಡೆಯಿತು. ಎದುರು ಮನೆಯವರ ಸಹಿ ಹೇಗೆ ಸಿಕ್ಕಿತು, ಮನವಿಯ ಮೊದಲ ಸಾಲು ಯಾವುದು ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಹೇಳುತ್ತೇನೆ.

ಅನುಮತಿ ಬಂತು, ಅನುದಾನ ಬರಲಿಲ್ಲ. ಕಾಯಿಸಿ ಹಾಕುವ ಥರ್ಮೋಪ್ಲಾಸ್ಟಿಕ್ ಬಣ್ಣದವರು ಇಷ್ಟು ಸಣ್ಣ ಕೆಲಸಕ್ಕೆ ಬರುವುದಿಲ್ಲ. ಮುಖ್ಯರಸ್ತೆಯ ಉಬ್ಬುಗಳಿಗೆ ಗೆರೆ ಹಾಕಲು ಬಂದ ದಿನ ಅವರನ್ನು ಕರೆತಂದೆ. ಅದಕ್ಕೆ ನಾಲ್ಕೂವರೆ ಸಾವಿರ, ಕಂಬ ಮತ್ತು ಫಲಕಕ್ಕೆ ಎರಡೂವರೆ, ಚರಂಡಿಯ ಚಪ್ಪಡಿ ಸಮಮಾಡಿಸಲು ಹದಿನಾಲ್ಕು, ಜೆರಾಕ್ಸು ಮತ್ತು ಆಟೋಗಳಿಗೆ ಎರಡು ಸಾವಿರ ಖರ್ಚಾಯಿತು. ಹಳೆಯ ಬಣ್ಣದ ಹಣವೂ ಸೇರಿ ಇಪ್ಪತ್ತೈದು ಸಾವಿರ ಎಂದಿಟ್ಟುಕೊಳ್ಳಿ. ನೆಲದ ಚಿಹ್ನೆಯೊಂದೇ ಸಾಲದು, ಅದರ ಮೇಲೆ ಕಾರು ನಿಂತಿತೆಂದರೆ ಕಾಣಿಸುವುದಿಲ್ಲ. ಕಂಬದ ಫಲಕ ಬಂದ ಮೇಲೆಯೇ ಪರಊರಿನ ಗಾಡಿಗಳ ಕಾಟ ತಪ್ಪಿತು.

ಈ ಹನ್ನೊಂದು ತಿಂಗಳಲ್ಲಿ ಬೇರೆಯವರ ವಾಹನ ಹತ್ತು ಹನ್ನೆರಡು ಸಲ ಅಡ್ಡ ಬಂದಿದೆ, ಒಂದೆರಡನ್ನು ಬಿಟ್ಟು ಉಳಿದವರು ಹೇಳಿದೊಡನೆ ತೆಗೆದರು. ಪಕ್ಕದ ಬೀದಿಗೆ ನೆಂಟರ ಮನೆಗೆ ಬಂದಿದ್ದ ಒಬ್ಬರು ಜೋಡಿಗಾಲಿ ಸೇರಿಸಿದ ಸ್ಕೂಟರನ್ನು ಎರಡು ಸಲ ಇಲ್ಲಿಯೇ ನಿಲ್ಲಿಸಿದ್ದರು. ಅವರು ಹೊರಡುವವರೆಗೆ ನನ್ನ ಕಾರನ್ನು ಬೀದಿಯ ತುದಿಯಲ್ಲಿಟ್ಟು ಕಾದೆ. ಹೊರಪಟ್ಟಿಯ ಹಿಂಭಾಗದ ಅಡ್ಡಗೆರೆ ನೀರಿನ ಟ್ಯಾಂಕರಿನ ಓಡಾಟಕ್ಕೆ ಸವೆಯುತ್ತಿದೆ, ಮುಂದಿನ ಮಳೆಗೆ ಮೊದಲು ಅದನ್ನಷ್ಟೇ ಮತ್ತೆ ಹಾಕಿಸಬೇಕು.