ಅರುವತ್ತರಿಂದ ಹಿಂದಕ್ಕೆ ಎಣಿಸಿ: ಗಡಿನಾಡಿನಿಂದ ಆಡಳಿತ ಸೇವೆಯ ಮೇಲಿನ ಮೆಟ್ಟಿಲಿಗೆ

ಕಾಸರಗೋಡಿನ ವಿದ್ಯಾನಗರದಲ್ಲಿ, ಕಲೆಕ್ಟರೇಟಿನ ಎದುರು ಬಸ್ಸಿಳಿಯುವ ಪ್ಲಸ್ ಟು ಮಕ್ಕಳನ್ನು ಮಾತಿಗೆಳೆದರೆ ‘ಕಲೆಕ್ಟರ್ ಆಗಬೇಕು’ ಎನ್ನುವವರು ನಾಲ್ಕು ಮಂದಿಯಾದರೂ ಸಿಗುತ್ತಾರೆ. ‘ಚೀಫ್ ಸೆಕ್ರೆಟರಿ ಆಗಬೇಕು’ ಎನ್ನುವವರನ್ನು ನಾನು ಈವರೆಗೆ ಕಂಡಿಲ್ಲ. ಕಲೆಕ್ಟರ್ ಹುದ್ದೆಯೇ ಶಿಖರವೆಂದು ನಾವು ತಿಳಿದಿರುವುದರಿಂದ ಹೀಗಾಗುತ್ತದೆ. ವಾಸ್ತವದಲ್ಲಿ ಅದು ಐ.ಎ.ಎಸ್. ಅಧಿಕಾರಿಯ ಸೇವೆಯ ಮೊದಲ ಭಾಗದಲ್ಲೇ ಬಂದುಹೋಗುವ ಒಂದು ಘಟ್ಟ. ಇಡೀ ರಾಜ್ಯದ ಅಥವಾ ದೇಶದ ನೀತಿಯನ್ನು ರೂಪಿಸುವ ಕುರ್ಚಿಗಳು ಅದಕ್ಕಿಂತ ಬಹಳ ಮೇಲಿವೆ, ಮತ್ತು ಅಲ್ಲಿಗೆ ತಲುಪುವುದು ಬುದ್ಧಿಯ ಪ್ರಶ್ನೆಯಾಗಿರುವಷ್ಟೇ ವರ್ಷಗಳ ಲೆಕ್ಕದ ಪ್ರಶ್ನೆಯೂ ಆಗಿದೆ.

ಆ ಲೆಕ್ಕವನ್ನು ಮೊದಲು ಹಾಕಿಕೊಳ್ಳೋಣ. ನಿವೃತ್ತಿಯ ವಯಸ್ಸು 60. ಸೇವೆಗೆ ಸೇರಿದ ಸುಮಾರು 4 ವರ್ಷಗಳಿಗೆ ಹಿರಿಯ ವೇತನ ಶ್ರೇಣಿ, 9 ವರ್ಷಗಳಿಗೆ ಕಿರಿಯ ಆಡಳಿತ ಶ್ರೇಣಿ, 13ಕ್ಕೆ ಆಯ್ಕೆ ಶ್ರೇಣಿ, 16ಕ್ಕೆ ರಾಜ್ಯ ಸರಕಾರದ ಕಾರ್ಯದರ್ಶಿಯ ಮಟ್ಟ, 25ಕ್ಕೆ ಪ್ರಧಾನ ಕಾರ್ಯದರ್ಶಿಯ ಮಟ್ಟ, 30 ವರ್ಷ ತುಂಬಿದ ಮೇಲೆ ಮುಖ್ಯ ಕಾರ್ಯದರ್ಶಿಯ ಶ್ರೇಣಿ. ಈ ಕೊನೆಯ ಶ್ರೇಣಿಯ ಮೂಲ ವೇತನ ಏಳನೇ ವೇತನ ಆಯೋಗದ ಪ್ರಕಾರ ತಿಂಗಳಿಗೆ 2,25,000 ರೂಪಾಯಿ. 23ರಲ್ಲಿ ಸೇರಿದವನು 53ಕ್ಕೆ ಅರ್ಹತೆ ಪಡೆದು ಕೈಯಲ್ಲಿ ಏಳು ವರ್ಷ ಇಟ್ಟುಕೊಂಡಿರುತ್ತಾನೆ. 30ರಲ್ಲಿ ಸೇರಿದವನು ಆ ಬಾಗಿಲಿಗೆ ಬರುವಾಗ ಬೀಳ್ಕೊಡುಗೆಯ ಹಾರ ಸಿದ್ಧವಾಗಿರುತ್ತದೆ. ಸಾಮಾನ್ಯ ವರ್ಗಕ್ಕೆ 32, ಹಿಂದುಳಿದ ವರ್ಗಕ್ಕೆ 35, ಪರಿಶಿಷ್ಟರಿಗೆ 37 ವರ್ಷದವರೆಗೆ ಪರೀಕ್ಷೆ ಬರೆಯಲು ಅವಕಾಶವಿರುವುದು ನಿಜವಾದರೂ, ಅವಕಾಶವಿದೆಯೆಂದು ಕಾಯುತ್ತ ಕೂರುವುದಕ್ಕೆ ತೆರಬೇಕಾದ ಬೆಲೆ ಮೂವತ್ತು ವರ್ಷಗಳ ನಂತರ ಗೊತ್ತಾಗುತ್ತದೆ. ತಡವಾಗಿ ಸೇರಿದವರು ಪ್ರಧಾನ ಕಾರ್ಯದರ್ಶಿಯ ಮಟ್ಟದಲ್ಲಿ ನಿಲ್ಲಬಹುದು, ಅದೇನೂ ಸಣ್ಣ ಹುದ್ದೆಯಲ್ಲ. ಆದರೂ ತುತ್ತತುದಿಯನ್ನೇ ಬಯಸುವವರು ಪದವಿಯ ಎರಡನೇ ವರ್ಷದಲ್ಲೇ ತಯಾರಿ ಆರಂಭಿಸಬೇಕು.

ಕಾಗದಪತ್ರ ಮೊದಲು, ಪುಸ್ತಕ ಆಮೇಲೆ

ಗಡಿನಾಡಿನವರು ಎಡವುವ ಮೊದಲ ಜಾಗ ಪ್ರಮಾಣಪತ್ರಗಳು. ಇಲ್ಲಿನ ಹೆಸರುಗಳ ಕಥೆ ಎಲ್ಲರಿಗೂ ಗೊತ್ತು: ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಮನೆತನದ ಒಂದಕ್ಷರ ಹೆಸರಿನ ಹಿಂದೆ ಬಂದರೆ, ಆಧಾರ್‌ನಲ್ಲಿ ತಂದೆಯ ಹೆಸರು ಮುಂದೆ ಬರುತ್ತದೆ, ಪದವಿ ಅಂಕಪಟ್ಟಿಯಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಹೋಗುವಾಗ ಕಾಗುಣಿತವೇ ಬದಲಾಗಿರುತ್ತದೆ. ಐ.ಎ.ಎಸ್. ಪರೀಕ್ಷೆ ನಡೆಸುವ ಕೇಂದ್ರ ಲೋಕಸೇವಾ ಆಯೋಗ (ಯು.ಪಿ.ಎಸ್.ಸಿ.) ನೋಡುವುದು ಹತ್ತನೇ ತರಗತಿಯ ದಾಖಲೆಯನ್ನು. ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳುವ ಕೆಲಸ ಅರ್ಜಿಗೆ ಒಂದು ವರ್ಷ ಮೊದಲೇ ಮುಗಿಯಬೇಕು.

ಹಿಂದುಳಿದ ವರ್ಗದವರಿಗೆ ಇನ್ನೊಂದು ತೊಡಕಿದೆ. ಕೇಂದ್ರ ಸರಕಾರದ ಹಿಂದುಳಿದ ವರ್ಗಗಳ ಪಟ್ಟಿ ರಾಜ್ಯವಾರಾಗಿರುವುದರಿಂದ, ತಲಪಾಡಿಯ ಆಚೆ ಇರುವ ಬಂಧುವಿಗೆ ಸಿಕ್ಕ ಮೀಸಲಾತಿ ಈಚೆ ಇರುವ ನಿಮಗೂ ಸಿಗುತ್ತದೆಂದು ಭಾವಿಸಬೇಡಿ. ಕೇರಳದ ಹೆಸರಿನಲ್ಲಿರುವ ಪಟ್ಟಿಯನ್ನೇ ನೋಡಬೇಕು. ನಮ್ಮ ಮನೆಯ ಹುಡುಗಿಯೊಬ್ಬಳು, ಹಿಂದುಳಿದ ವರ್ಗದ ಸ್ಥಿತಿವಂತರ ಪದರಕ್ಕೆ ಸೇರಿಲ್ಲವೆಂದು ತೋರಿಸುವ ನಾನ್ ಕ್ರೀಮಿಲೇಯರ್ ಪತ್ರಕ್ಕೆ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ, ಕಚೇರಿಗೆ ಮೂರು ಸಲ ಅಲೆದು, ಕೊನೆಗೆ ತಂದದ್ದು ರಾಜ್ಯದ ಉದ್ಯೋಗಗಳಿಗೆ ಕೊಡುವ ನಮೂನೆಯನ್ನು. ಬೇಕಿದ್ದದ್ದು ಕೇಂದ್ರದ ನಮೂನೆ. ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿದ್ದು ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಯಾರೂ ನೋಡಲಿಲ್ಲವೋ, ಆ ವರ್ಷ ಅವಳು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಬೇಕಾಯಿತು. ಆದ್ದರಿಂದ ‘ಕೇಂದ್ರ ಸರಕಾರದ ಹುದ್ದೆಗೆ’ ಎಂದು ಅರ್ಜಿಯಲ್ಲೇ ಬರೆಯಿರಿ, ಪತ್ರದ ದಿನಾಂಕ ಅಧಿಸೂಚನೆ ಹೇಳಿದ ಗಡುವಿನೊಳಗಿದೆಯೇ ಎಂದು ಕಚೇರಿಯ ಮೆಟ್ಟಿಲಿಳಿಯುವ ಮೊದಲೇ ನೋಡಿಕೊಳ್ಳಿ.

ಸ್ವಂತ ರಾಜ್ಯ ಯಾವುದು ಎಂಬ ಕಾಲಂ ಬಂದಾಗ ಹೃದಯ ಕರ್ನಾಟಕ ಎಂದರೂ ವಾಸಸ್ಥಳದ ದಾಖಲೆ ಕೇರಳ ಎನ್ನುತ್ತದೆ. ಕೇಡರ್ ಹಂಚಿಕೆಯಲ್ಲಿ, ಅಂದರೆ ಯಾರು ಯಾವ ರಾಜ್ಯದಲ್ಲಿ ಸೇವೆ ಸಲ್ಲಿಸಬೇಕೆಂಬ ಹಂಚಿಕೆಯಲ್ಲಿ, ಒಬ್ಬ ಒಳರಾಜ್ಯದವರಿಗೆ ಇಬ್ಬರು ಹೊರರಾಜ್ಯದವರು ಎಂಬ ಅನುಪಾತವಿರುವುದರಿಂದ, ಕಾಸರಗೋಡಿನವರು ಕರ್ನಾಟಕ ಕೇಡರನ್ನು ಪಡೆದರೂ ಹೊರಗಿನವರ ಲೆಕ್ಕದಲ್ಲೇ ಪಡೆಯುತ್ತಾರೆ.

ಭಾಷೆಯ ಆಯ್ಕೆ

ಪೂರ್ವಭಾವಿ ಪರೀಕ್ಷೆಯ ಎರಡೂ ಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಸಾಮಾನ್ಯ ಅಧ್ಯಯನದ ಪತ್ರಿಕೆಯಲ್ಲಿ 100 ಪ್ರಶ್ನೆಗಳಿಗೆ 200 ಅಂಕ, ತಪ್ಪಿಗೆ ಮೂರನೇ ಒಂದಂಶ ಕಡಿತ. ಎರಡನೆಯ ಪತ್ರಿಕೆಯಲ್ಲಿ ಶೇಕಡಾ 33 ಅಂಕ ಬಂದರೆ ಸಾಕು. ಎರಡರಲ್ಲಿ ಯಾವುದಾದರೂ ಒಂದು ಪತ್ರಿಕೆಗೆ ಹಾಜರಾದರೂ ಒಂದು ಪ್ರಯತ್ನ ಮುಗಿದಂತೆ; ಅರ್ಜಿ ಹಾಕಿ ಹೋಗದಿದ್ದರೆ ಲೆಕ್ಕಕ್ಕಿಲ್ಲ. ಸಾಮಾನ್ಯ ವರ್ಗಕ್ಕೆ ಇರುವುದು ಆರೇ ಪ್ರಯತ್ನಗಳಾದ್ದರಿಂದ, ಸಿದ್ಧತೆಯಿಲ್ಲದ ವರ್ಷ ‘ನೋಡಿ ಬರೋಣ’ ಎಂದು ಕೋಯಿಕ್ಕೋಡಿಗೆ ರೈಲು ಹತ್ತುವುದು ದುಬಾರಿಯ ಪ್ರವಾಸ.

ಮುಖ್ಯ ಪರೀಕ್ಷೆಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಒಂಬತ್ತು ಪತ್ರಿಕೆಗಳು. ಭಾರತೀಯ ಭಾಷೆಯದು ಒಂದು, ಇಂಗ್ಲಿಷಿನದು ಒಂದು, ಇವೆರಡೂ ತಲಾ 300 ಅಂಕಗಳ ಅರ್ಹತಾ ಪತ್ರಿಕೆಗಳು. ಉಳಿದ ಏಳು ಪತ್ರಿಕೆಗಳ 1,750 ಅಂಕ ಮತ್ತು ಸಂದರ್ಶನದ 275 ಅಂಕ ಸೇರಿ 2,025ರಲ್ಲಿ ರ್‍ಯಾಂಕ್ ನಿರ್ಧಾರವಾಗುತ್ತದೆ. ಭಾರತೀಯ ಭಾಷೆಯ ಪತ್ರಿಕೆಯನ್ನು ನಮ್ಮೂರಿನವರು ಹಗುರವಾಗಿ ಕಾಣುವುದನ್ನು ಬಿಡಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್ ಆಡುವವರಿಗೆ ಯಾವ ಭಾಷೆಯೂ ಕಷ್ಟವಲ್ಲ ಎನಿಸುತ್ತದೆ. ಆದರೆ ಇಲ್ಲಿ ಆಡುವ ಭಾಷೆಗೆ ಅಂಕವಿಲ್ಲ, ಬರೆಯುವ ಭಾಷೆಗೆ ಮಾತ್ರ ಇದೆ. ತುಳು ಸಂವಿಧಾನದ ಎಂಟನೇ ಅನುಸೂಚಿಯಲ್ಲಿಲ್ಲದ ಕಾರಣ ಅದು ಲಭ್ಯವೇ ಇಲ್ಲ, ಕೊಂಕಣಿ ಇದೆ. ಕನ್ನಡವನ್ನು ಆರಿಸಿಕೊಂಡವರು ಪ್ರಬಂಧಕ್ಕೆ 100, ಗ್ರಹಿಕೆಗೆ 60, ಸಂಕ್ಷೇಪಕ್ಕೆ 60, ಎರಡೂ ಕಡೆಯ ಅನುವಾದಕ್ಕೆ 40, ವ್ಯಾಕರಣ ಮತ್ತು ಪದಬಳಕೆಗೆ 40 ಅಂಕಗಳ ಉತ್ತರ ಬರೆಯಬೇಕು. ಶೇಕಡಾ 25 ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕ ಗಣನೆಗೇ ಬರುವುದಿಲ್ಲ.

ಒಮ್ಮೆ ಪರೀಕ್ಷಿಸಿ ನೋಡಿ. ಈ ಪುರವಣಿಯ ಯಾವುದಾದರೂ ಲೇಖನವನ್ನು ಎದುರಿಗಿಟ್ಟುಕೊಂಡು ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಕೈಯಲ್ಲಿ ಬರೆಯಿರಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರ ಕೈ ಎರಡನೇ ಸಾಲಿಗೇ ನಿಲ್ಲುತ್ತದೆ: ‘ಅಭಿವೃದ್ಧಿ’ಯಲ್ಲಿ ಒತ್ತು ಎಲ್ಲಿ, ‘ವಿಶಿಷ್ಟ’ದಲ್ಲಿ ಯಾವ ಷಕಾರ ಎಂಬ ಗೊಂದಲ. ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಬರೆದರೆ ಇದು ಕಳೆಯುತ್ತದೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಕಳೆಯುವುದಿಲ್ಲ.

ಸಾಮಾನ್ಯ ಅಧ್ಯಯನವನ್ನೂ ಕನ್ನಡದಲ್ಲಿ ಬರೆಯಬಹುದು. 1980ರ ದಶಕದಲ್ಲೇ ಕೆ. ಶಿವರಾಮ್ ಕನ್ನಡದಲ್ಲಿ ಪರೀಕ್ಷೆ ಬರೆದು ಐ.ಎ.ಎಸ್. ಪಡೆದದ್ದು ಹಲವರಿಗೆ ದಾರಿಯಾಯಿತು. ಪಾರಿಭಾಷಿಕ ಪದಗಳಿಗೆ ಆವರಣದಲ್ಲಿ ಇಂಗ್ಲಿಷ್ ರೂಪ ಕೊಡಲು ನಿಯಮವೇ ಅನುಮತಿಸುತ್ತದೆ. ಆದರೆ ಆಯ್ಕೆಯನ್ನು ಅಭಿಮಾನದಿಂದ ಮಾಡಬೇಡಿ ಎಂಬುದು ನನ್ನ ಸಲಹೆ. ಒಂದೇ ಪ್ರಶ್ನೆಗೆ ಎರಡೂ ಭಾಷೆಗಳಲ್ಲಿ ಏಳೆಂಟು ನಿಮಿಷದೊಳಗೆ ಉತ್ತರ ಬರೆದು, ಒಂದು ತಿಂಗಳ ಉತ್ತರಗಳನ್ನು ಬೇರೆಯವರಿಂದ ಓದಿಸಿ, ಯಾವುದರಲ್ಲಿ ವಿಚಾರ ಹೆಚ್ಚು ಹಿಡಿದಿದೆಯೋ ಅದನ್ನು ಆರಿಸಿ. ಕನ್ನಡದಲ್ಲಿ ಅಧ್ಯಯನ ಸಾಮಗ್ರಿ ಕಡಿಮೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವ ಶ್ರಮವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯದ ಮಾತು ಬೇರೆ: ಅದನ್ನು ಆರಿಸಿಕೊಳ್ಳಲು ಬಿ.ಎ.ಯಲ್ಲಿ ಕನ್ನಡ ಓದಿರಬೇಕೆಂದಿಲ್ಲ, 500 ಅಂಕಗಳಿವೆ, ಹಳೆಗನ್ನಡವನ್ನು ಗಮಕ ಮತ್ತು ತಾಳಮದ್ದಳೆಯ ಮೂಲಕ ಕಿವಿಗೆ ಹಾಕಿಕೊಂಡೇ ಬೆಳೆದ ಈ ಭಾಗದ ಮಕ್ಕಳಿಗೆ ಅದು ಅಪರಿಚಿತವೂ ಅಲ್ಲ.

ಸಂದರ್ಶನದ ಕೋಣೆಯಲ್ಲಿ ಕಾಸರಗೋಡು

ಸಂದರ್ಶನಕ್ಕೆ ಮೊದಲೇ ತುಂಬಿ ಕೊಟ್ಟಿರುವ ವಿವರವಾದ ಅರ್ಜಿಯಲ್ಲಿ ಜಿಲ್ಲೆಯ ಹೆಸರು ಇರುತ್ತದೆ. ಅಲ್ಲಿಂದಲೇ ಪ್ರಶ್ನೆಗಳು ಹುಟ್ಟುತ್ತವೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೇ ಎಂದು ಮಂಡಳಿ ಕೇಳಿದರೆ ಉತ್ತರ ಹೇಗಿರಬೇಕು? ಊರಿನ ಭಾಷಣ ಇಲ್ಲಿ ನಡೆಯುವುದಿಲ್ಲ, ನುಣುಚಿಕೊಳ್ಳುವುದೂ ನಡೆಯುವುದಿಲ್ಲ. ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಲು ಶಿಫಾರಸು ಮಾಡಿದ್ದು, ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿಗಿರುವುದು, ಇಷ್ಟನ್ನು ಹೇಳಿ, ಅಲ್ಲಿಯವರೆಗೆ 350ಎ ವಿಧಿ ಹೇಳುವ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವೂ ಕಚೇರಿಗಳಲ್ಲಿ ಕನ್ನಡದ ಅರ್ಜಿ ನಮೂನೆಯೂ ಜನರಿಗೆ ಸಿಗುವಂತೆ ಆಡಳಿತಗಾರ ಏನು ಮಾಡಬಲ್ಲ ಎಂಬುದಕ್ಕೆ ಬಂದರೆ, ಅದು ಅಧಿಕಾರಿಯಾಗಬಯಸುವವನ ಉತ್ತರ.

ಎಂಡೋಸಲ್ಫಾನ್ ಕೀಟನಾಶಕದ ಪ್ರಶ್ನೆಯೂ ಇದೇ ತರಹದ್ದು. ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ನೀಡಿದ್ದು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿದ್ದು ಎಲ್ಲರೂ ಹೇಳುವ ಸಂಗತಿಗಳು. ಸಂತ್ರಸ್ತರ ಪಟ್ಟಿಗೆ ಯಾರು ಸೇರಬೇಕೆಂದು ಹೇಗೆ ತೀರ್ಮಾನಿಸುವುದು, ಬಿಟ್ಟುಹೋದವರ ದೂರನ್ನು ಯಾರು ಕೇಳುವುದು ಎಂಬಲ್ಲಿ ಅಭ್ಯರ್ಥಿಯ ಸತ್ವ ಕಾಣುತ್ತದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು.

ಎರಡು ಕೆ.ಎ.ಎಸ್.ಗಳು

ಮಂಜೇಶ್ವರದಲ್ಲಿ ಯಾರಾದರೂ ಕೆ.ಎ.ಎಸ್. ಎಂದರೆ ಯಾವುದು ಎಂದು ಕೇಳಿಯೇ ಮಾತು ಮುಂದುವರಿಸಬೇಕು. ಕರ್ನಾಟಕದ್ದೂ ಅದೇ, ಕೇರಳದ್ದೂ ಅದೇ. ಕೇರಳದ ಆಡಳಿತ ಸೇವೆಗೆ ಮೊದಲ ಅಧಿಸೂಚನೆ ಬಂದದ್ದು 2019ರ ನವೆಂಬರ್ 1ರಂದು, ಎರಡನೆಯದು 2025ರಲ್ಲಿ. ನೇರ ಪ್ರವೇಶಕ್ಕೆ 32 ವರ್ಷ, ಈಗಾಗಲೇ ಸರಕಾರಿ ನೌಕರಿಯಲ್ಲಿರುವ ಗೆಜೆಟೆಡ್ ಅಲ್ಲದವರಿಗೆ 40, ಮೊದಲ ಹಂತದ ಗೆಜೆಟೆಡ್ ಅಧಿಕಾರಿಗಳಿಗೆ 50 ವಯೋಮಿತಿ. ಭಾಷಾ ವಿಭಾಗದಲ್ಲಿ ಮಲಯಾಳದ ಬದಲು ಕನ್ನಡವನ್ನು ಆರಿಸಿಕೊಳ್ಳಬಹುದು. ಐದು ವರ್ಷಕ್ಕೂ ಮಿಕ್ಕಿದ ಅಂತರವನ್ನು ನೋಡಿದರೆ ಇದನ್ನೊಂದೇ ನಂಬಿ ಕೂರುವಂತಿಲ್ಲ. ಆದರೆ ಕ್ಲರ್ಕಾಗಿಯೋ ಅಧ್ಯಾಪಕರಾಗಿಯೋ ಸೇರಿ ಮೂವತ್ತು ದಾಟಿದವರಿಗೆ ಇದಕ್ಕಿಂತ ಒಳ್ಳೆಯ ಮೆಟ್ಟಿಲಿಲ್ಲ. ಐ.ಎ.ಎಸ್.ನ ಮೂರನೇ ಒಂದಂಶ ಹುದ್ದೆಗಳು ರಾಜ್ಯ ಸೇವೆಯಿಂದ ತುಂಬುತ್ತವೆ, ಅದಕ್ಕೆ ಕನಿಷ್ಠ 8 ವರ್ಷಗಳ ಸೇವೆ ಬೇಕು, 56 ದಾಟಿರಬಾರದು.

ಒಳಗೆ ಹೋದ ಮೇಲೆ

ಮಸ್ಸೂರಿಯ ತರಬೇತಿಯ ನಂತರ ಮೊದಲ ಸ್ವತಂತ್ರ ಹೊಣೆ ಬಹುಮಟ್ಟಿಗೆ ಸಬ್ ಕಲೆಕ್ಟರ್ ಹುದ್ದೆ. ಮೇಲೇರುವ ದಾರಿ ಇಲ್ಲಿಂದ ಮೂರು ಸಂಗತಿಗಳ ಮೇಲೆ ನಿಲ್ಲುತ್ತದೆ. ಪ್ರತಿವರ್ಷದ ಕಾರ್ಯಮೌಲ್ಯಮಾಪನ ವರದಿಯಲ್ಲಿ ಹತ್ತಕ್ಕೆ ಎಷ್ಟು ಎಂಬ ಅಂಕ ಇಪ್ಪತ್ತೈದು ವರ್ಷಗಳ ನಂತರವೂ ಕಡತದಿಂದ ಹೊರಬರುತ್ತದೆ. ಆದ್ದರಿಂದ ಸ್ವಮೌಲ್ಯಮಾಪನದ ಭಾಗವನ್ನು ಮಾರ್ಚ್ ಕೊನೆಯಲ್ಲಿ ನೆನಪಿನಿಂದ ಬರೆಯದೆ ತಿಂಗಳಿಗೊಮ್ಮೆ ಟಿಪ್ಪಣಿ ಇಟ್ಟುಕೊಂಡು ಬರೆಯುವುದು ಒಳ್ಳೆಯದು. ಎರಡನೆಯದು ಸ್ಥಿರಾಸ್ತಿ ವಿವರ. ಅದನ್ನು ಜನವರಿ 31ರೊಳಗೆ ಸಲ್ಲಿಸದಿದ್ದರೆ ವಿಜಿಲೆನ್ಸ್ ಅನುಮತಿ ನಿಲ್ಲಬಹುದು. ಬಾಯಾರಿನಲ್ಲಿ ಅಜ್ಜನ ಕಾಲದ ಅಡಿಕೆ ತೋಟದ ಪಾಲು ಇನ್ನೂ ವಿಭಾಗವಾಗಿಲ್ಲವೆಂಬುದು ಅದಕ್ಕೆ ಸಬೂಬಾಗುವುದಿಲ್ಲ, ಆ ಅವಿಭಕ್ತ ಪಾಲನ್ನೂ ಬರೆಯಬೇಕು.

ಮೂರನೆಯದನ್ನು ಕೇರಳ ಕೇಡರಿನ ಊರಿನವರು ಹೆಚ್ಚಾಗಿ ಮರೆಯುತ್ತಾರೆ. ಮನೆಗೆ ಹತ್ತಿರ ಇರುವುದು ಸುಖ. ಆದರೆ 2007ರ ಬ್ಯಾಚ್ ಮತ್ತು ಆನಂತರದವರು ಕೇಂದ್ರದಲ್ಲಿ ಜಂಟಿ ಕಾರ್ಯದರ್ಶಿಯ ಪಟ್ಟಿಗೆ ಸೇರಬೇಕಾದರೆ ಅದಕ್ಕೆ ಮೊದಲು ಉಪಕಾರ್ಯದರ್ಶಿ ಅಥವಾ ನಿರ್ದೇಶಕ ಮಟ್ಟದಲ್ಲಿ ಎರಡು ವರ್ಷ ದೆಹಲಿಯ ನಿಯೋಜನೆಯಲ್ಲಿ ಕೆಲಸ ಮಾಡಿರಬೇಕೆಂದು 2020ರಲ್ಲಿ ನಿಯಮವಾಯಿತು. ಜಂಟಿ ಕಾರ್ಯದರ್ಶಿಯಾಗದವರು ಕೇಂದ್ರದ ಕಾರ್ಯದರ್ಶಿಯಾಗುವುದು ಕಷ್ಟ, ದೇಶದ ಆಡಳಿತ ಸೇವೆಯ ತುತ್ತತುದಿಯಾದ ಸಂಪುಟ ಕಾರ್ಯದರ್ಶಿ ಹುದ್ದೆಯ ಮಾತು ದೂರವೇ ಉಳಿಯಿತು. ಹಾಗಾಗಿ ಒಂಬತ್ತನೇ ವರ್ಷ ದಾಟಿದ ಕೂಡಲೇ, ಮಕ್ಕಳ ಶಾಲೆ ಮತ್ತು ಹಿರಿಯರ ಆರೋಗ್ಯದ ಲೆಕ್ಕ ಹಾಕಿ, ಯಾವ ಎರಡು ವರ್ಷಗಳನ್ನು ದೆಹಲಿಗೆ ಕೊಡುವುದೆಂದು ಮನೆಯವರೊಂದಿಗೆ ಕೂತು ನಿರ್ಧರಿಸಿ, ನಿಯೋಜನೆಗೆ ಹೆಸರು ಕೊಡಿ.